ಸೆಲ್ಫ್ ತಿರುಗಿದರೂ ಬೈಕು ಹೊರಡದಿದ್ದರೆ

ಕಾಸರಗೋಡಿನಲ್ಲಿ ಜೂನ್ ಎಂದರೆ ಶಾಲೆಯೂ ಮಳೆಯೂ ಒಟ್ಟಿಗೇ ಆರಂಭವಾಗುವ ಕಾಲ. ಬದಿಯಡ್ಕ, ಪೆರ್ಲದ ಕಡೆ ಕನ್ನಡ ಶಾಲೆ ದೂರವಿರುವ ಮನೆಗಳಿಗೆ ಬೈಕೇ ಶಾಲಾವಾಹನ. ರಾತ್ರಿಯಿಡೀ ಅಂಗಳದಲ್ಲಿ ನೆನೆದ ಬೈಕಿನ ಸೆಲ್ಫ್ ಒತ್ತಿದರೆ ಎಂಜಿನು ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬಿಡದೆ ಗುಂಡಿ ಒತ್ತಿದರೆ ಬ್ಯಾಟರಿಯೂ ಬಳಲುತ್ತದೆ.

ಎಂಜಿನು ಬಲವಾಗಿ ತಿರುಗುತ್ತಿದ್ದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರುಗಳೆರಡೂ ಬಹುಮಟ್ಟಿಗೆ ನಿರ್ದೋಷಿಗಳು. ಬೈಕನ್ನು ತಳ್ಳುವ ಸಾಹಸಕ್ಕೆ ಅರ್ಥವಿಲ್ಲ. ಮೊದಲು ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಟ್ಯಾಂಕಿನ ಪೆಟ್ರೋಲು ನೋಡಬೇಕು. ಇಂಜೆಕ್ಷನ್ ಬೈಕುಗಳಲ್ಲಿ ಕೀಲಿ ತಿರುಗಿಸಿದೊಡನೆ ಪಂಪಿನ ಸಣ್ಣ ಸದ್ದು ಕೇಳದಿದ್ದರೆ ಫ್ಯೂಸಿನ ಮೇಲೆ ಸಂಶಯಪಡಬಹುದು.

ಮುಖ್ಯ ಸಾಕ್ಷಿ ಸ್ಪಾರ್ಕ್ ಪ್ಲಗ್. ಸೆಲ್ಫ್ ಒತ್ತಿದ ಬಳಿಕ ಕಳಚಿದ ಪ್ಲಗ್ ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯಿಲ್ಲ, ಇಲ್ಲವೇ ಪೆಟ್ರೋಲು ಅತಿಯಾಗಿದೆ. ಮಳೆಗಾಲದಲ್ಲಿ ಪ್ಲಗ್ ಕ್ಯಾಪಿನೊಳಗೆ ನೀರು ಸೇರಿ ಕಿಡಿ ದಾರಿತಪ್ಪುವುದುಂಟು. ಒಣಬಟ್ಟೆಯಿಂದ ಒರೆಸಿದ ಮಾತ್ರಕ್ಕೆ ಹೊರಡುವ ಬೈಕುಗಳೂ ಇವೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹೆಚ್ಚು ನೀರಿಳಿದರೆ ಎಥನಾಲೂ ನೀರೂ ಕೂಡಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ; ಎಂಜಿನಿಗೆ ಹೋಗುವುದು ಆ ತಳದಿಂದಲೇ. ಟ್ಯಾಂಕು ಬರಿದುಮಾಡುವುದು ಮೆಕ್ಯಾನಿಕರಿಗೇ ಬಿಟ್ಟ ಕೆಲಸ.

ಇಷ್ಟಕ್ಕೆ ಹತ್ತು ನಿಮಿಷ ಸಾಕು. ಆಮೇಲೂ ಹೊರಡದಿದ್ದರೆ ಮಕ್ಕಳನ್ನು ಬಸ್ಸಿಗೆ ಹತ್ತಿಸುವುದು ಮೇಲು. ಹೊತ್ತಾಯಿತೆಂದು ನೆರೆಮನೆಯ ಸ್ಕೂಟರನ್ನು ಹೈಸ್ಕೂಲಿನ ಮಗನ ಕೈಗೆ ಕೊಡುವುದಂತೂ ಕೂಡದು. ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ, ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಪೋಷಕರು ಅಥವಾ ವಾಹನದ ಮಾಲಿಕರು 3 ವರ್ಷಗಳವರೆಗಿನ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗುತ್ತಾರೆ.