ಬಡವರ ಕೈಗೆ ಹಣ ಬಂದರೆ

‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯನ್ನು ನಾವು ದಿನವೂ ಆಡುತ್ತೇವೆ. ಆದರೆ ಆ ದೊಡ್ಡಪ್ಪನು ಹಳ್ಳಿಯ ಬಡವನ ಮನೆಯ ಬಾಗಿಲಿಗೆ ತಾನಾಗಿಯೇ ಬಂದು ನಿಂತರೆ ಒಳ್ಳೆಯದಾದೀತೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಸಂಶಯ. ಬಡವನಿಗೆ ಅಕ್ಕಿ ಕೊಡಬಹುದು, ಬಟ್ಟೆ ಕೊಡಬಹುದು, ಅವನ ಮಕ್ಕಳಿಗೆ ಪುಸ್ತಕ ಕೊಡಬಹುದು. ಕೈಗೆ ಕಾಸು ಮಾತ್ರ ಕೊಡಬಾರದು ಎಂಬ ಮಾತು ಪಟ್ಟಣದ ಪಡಸಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಹೇಳುವ ಕಾರಣಗಳು ಮೂರು: ಹಣ ಹೆಂಡದಂಗಡಿಯ ಪಾಲಾಗುತ್ತದೆ, ಜನ ದುಡಿಮೆ ಬಿಟ್ಟು ಸೋಮಾರಿಗಳಾಗುತ್ತಾರೆ, ಊರಿನಲ್ಲಿ ಸಾಮಾನಿನ ಬೆಲೆ ಏರಿ ಎಲ್ಲರಿಗೂ ತೊಂದರೆಯಾಗುತ್ತದೆ.

ಈ ಮೂರು ಆಕ್ಷೇಪಣೆಗಳನ್ನೂ ತಳ್ಳಿಹಾಕುವಂತಿಲ್ಲ. ಹಾಗೆಂದು ಪರೀಕ್ಷಿಸದೆ ಒಪ್ಪುವಂತೆಯೂ ಇಲ್ಲ. 1997ರಿಂದ ಈಚೆಗೆ ಅನೇಕ ದೇಶಗಳ ಹಳ್ಳಿಗಳಲ್ಲಿ ಇವನ್ನು ಒರೆಗೆ ಹಚ್ಚಿ ನೋಡಲಾಗಿದೆ. ಪರೀಕ್ಷೆಯ ಕ್ರಮ ಸರಳವಾದುದು. ಒಂದೇ ಬಗೆಯ ಹಲವು ಹಳ್ಳಿಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ, ಕೆಲವಕ್ಕೆ ಹಣ ಕೊಡುವುದು, ಉಳಿದವಕ್ಕೆ ಆಗ ಕೊಡದಿರುವುದು. ಕೆಲವು ಕಾಲ ಕಳೆದ ಮೇಲೆ ಎರಡೂ ಕಡೆಯ ಮನೆಗಳಿಗೆ ಹೋಗಿ ಊಟ, ಸಾಲ, ಶಾಲೆ, ಆರೋಗ್ಯ ಎಲ್ಲವನ್ನೂ ಹೋಲಿಸಿ ನೋಡುವುದು. ಮಳೆ ಬಂದದ್ದರಿಂದ ಬೆಳೆ ಚೆನ್ನಾಯಿತೋ, ಹಣ ಬಂದದ್ದರಿಂದ ಬಾಳು ಹಸನಾಯಿತೋ ಎಂಬ ಗೊಂದಲ ಇದರಿಂದ ತಪ್ಪುತ್ತದೆ.

ಈ ದಾರಿಯಲ್ಲಿ ಮೊದಲು ನಡೆದ ದೊಡ್ಡ ದೇಶ ಮೆಕ್ಸಿಕೊ. ಅಲ್ಲಿಯ ಸರ್ಕಾರ 1997ರಲ್ಲಿ ‘ಪ್ರೊಗ್ರೆಸಾ’ ಎಂಬ ಯೋಜನೆಯನ್ನು ಆರಂಭಿಸಿತು. ಪರಿಶೀಲನೆಗೆಂದು ಆರಿಸಿದ 506 ಹಳ್ಳಿಗಳ ಪೈಕಿ 320ಕ್ಕೆ ಮೊದಲು ಹಣ ಹೋಯಿತು. ಉಳಿದ 186 ಹಳ್ಳಿಗಳ ಸರದಿ ಆಮೇಲೆ ಬಂತು. ಹಣ ತಾಯಿಯ ಕೈಗೆ. ಆದರೆ ಮಕ್ಕಳು ಶಾಲೆಗೆ ಹೋಗಬೇಕು, ಮನೆಯವರು ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಕಟ್ಟಳೆ ಉಂಟು. ಪ್ರಾಥಮಿಕ ಶಾಲೆ ಮುಗಿಸಿ ಮನೆಯಲ್ಲೇ ಉಳಿದುಬಿಡುತ್ತಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚು ಮಂದಿ ಮುಂದಿನ ತರಗತಿಗಳಿಗೆ ಸೇರಿದರು. ಬಂದ ಪ್ರತಿಯೊಂದು ಪೆಸೊದಲ್ಲಿ ಮುಕ್ಕಾಲು ಪಾಲಿನಷ್ಟು ಊಟ ಉಡುಪಿಗೆ ಹೋದರೆ, ಕಾಲು ಪಾಲಿನಷ್ಟು ಕೋಳಿ, ದನ, ಹೊಲ, ಸಣ್ಣ ವ್ಯಾಪಾರಗಳಿಗೆ ಹೋಯಿತೆಂದು ಮುಂದೆ ಲೆಕ್ಕ ಹಾಕಿದವರು ಕಂಡರು. ಕಟ್ಟಳೆಯಲ್ಲಿ ವ್ಯಾಪಾರದ ಮಾತೇ ಇರಲಿಲ್ಲ. ನಾಳೆಯ ಚಿಂತೆ ಬಡವರಿಗೂ ಉಂಟೆಂಬುದಕ್ಕೆ ಇದೊಂದು ಸಾಕ್ಷಿ.

ಯಾವ ಕಟ್ಟಳೆಯೂ ಇಲ್ಲದೆ ಕೊಟ್ಟರೆ ಏನಾಗುತ್ತದೆ? ಇದಕ್ಕೆ ಉತ್ತರ ದೊರೆತದ್ದು ಪೂರ್ವ ಆಫ್ರಿಕದ ಕೀನ್ಯ ದೇಶದಲ್ಲಿ. ಅದರ ಪಶ್ಚಿಮಕ್ಕೆ, ವಿಕ್ಟೋರಿಯ ಸರೋವರದ ದಡದಲ್ಲಿ, ಸಿಯಾಯ ಎಂಬ ಜಿಲ್ಲೆಯಿದೆ. ಅಲ್ಲಿ ‘ಗಿವ್‌ಡೈರೆಕ್ಟ್ಲಿ’ ಎಂಬ ದತ್ತಿ ಸಂಸ್ಥೆ ಬಡವರನ್ನು ಗುರುತಿಸಲು ಮನೆಯ ಮಾಡನ್ನೇ ಗುರುತಾಗಿಟ್ಟುಕೊಂಡಿತು. ಹುಲ್ಲಿನ ಮಾಡಿದ್ದರೆ ಬಡಮನೆ, ತಗಡಿನದಿದ್ದರೆ ಅಲ್ಲ. ಕೀನ್ಯದಲ್ಲಿ 2007ರಿಂದ ‘ಎಂ-ಪೆಸಾ’ ಎಂಬ ವ್ಯವಸ್ಥೆ ಇದ್ದುದರಿಂದ ಹಣ ಮೊಬೈಲ್ ಫೋನಿನ ಮೂಲಕ ಮನೆಯವರಿಗೇ ತಲುಪಿತು. ನಡುವೆ ಕೈ ಚಾಚುವವರಿಗೆ ಅವಕಾಶ ಕಡಿಮೆಯಾಯಿತು.

2011ರಲ್ಲಿ ಅಲ್ಲಿಯ ರಾರಿಯೆಡ ಪ್ರದೇಶದಲ್ಲಿ ನಡೆದ ಪ್ರಯೋಗದಲ್ಲಿ ಕೆಲವರಿಗೆ ಇಡಿಗಂಟಾಗಿ, ಕೆಲವರಿಗೆ ಒಂಬತ್ತು ತಿಂಗಳ ಕಂತುಗಳಾಗಿ ಹಣ ಹೋಯಿತು. ಫಲದಲ್ಲಿ ಕಂಡ ವ್ಯತ್ಯಾಸ ವಿಚಾರಾರ್ಹವಾದುದು. ಕಂತಿನಲ್ಲಿ ಪಡೆದವರ ಮನೆಯಲ್ಲಿ ಒಲೆ ತಪ್ಪದೆ ಉರಿಯಿತು; ಉಪವಾಸದ ದಿನಗಳು ತಗ್ಗಿದವು. ಇಡಿಗಂಟು ಪಡೆದವರು ತಗಡಿನ ಮಾಡು ಹಾಕಿಸಿದರು, ಬಾಳಿಕೆಯ ವಸ್ತುಗಳನ್ನು ಕೊಂಡರು. ತಗಡು ಹಾಕಿಸುವುದು ಒಣ ಪ್ರತಿಷ್ಠೆಯೆಂದು ಭಾವಿಸಬಾರದು. ಹುಲ್ಲಿನ ಮಾಡಿಗೆ ಮತ್ತೆ ಮತ್ತೆ ಹೊಸ ಹುಲ್ಲು ಹೊದೆಸಬೇಕು. ಅದಕ್ಕೆ ಖರ್ಚಾಗುತ್ತದೆ, ಆದರೂ ಮಳೆಗಾಲದಲ್ಲಿ ಸೋರುತ್ತದೆ. ತಗಡು ವರ್ಷಗಟ್ಟಲೆ ಆ ಖರ್ಚನ್ನು ಉಳಿಸುತ್ತದೆ. ಬಡವನಿಗೆ ಈ ಲೆಕ್ಕ ಗೊತ್ತಿಲ್ಲದ್ದಲ್ಲ. ಒಟ್ಟಿಗೆ ಅಷ್ಟು ಹಣ ಕೈಗೆ ಬಾರದುದೇ ಅವನ ಸಂಕಟ.

ಹೆಂಡದ ಮಾತೇನು? ರಾರಿಯೆಡದಲ್ಲಿ ಹೆಂಡ, ಹೊಗೆಸೊಪ್ಪುಗಳ ಖರ್ಚು ಹೆಚ್ಚಲಿಲ್ಲ. ಇದು ಒಂದೂರಿನ ಪುಣ್ಯವಲ್ಲ. ವಿಶ್ವಬ್ಯಾಂಕಿನ ಸಂಶೋಧಕರು ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ನಗದು ನೆರವಿನಿಂದ ಇಂಥ ಖರ್ಚು ಏರಿದ್ದು ಕಾಣಲಿಲ್ಲ. ಇನ್ನೊಂದು ಸ್ವಾರಸ್ಯವೂ ಉಂಟು. ರಾರಿಯೆಡದಲ್ಲಿ ಹಣವನ್ನು ಗಂಡನಿಗೆ ಕೊಟ್ಟರೂ ಹೆಂಡತಿಗೆ ಕೊಟ್ಟರೂ ಮನೆಯ ಖರ್ಚಿನ ರೀತಿಯಲ್ಲಿ ಹೆಚ್ಚು ಭೇದ ಕಾಣಲಿಲ್ಲ.

ಬೆಲೆಯ ಪ್ರಶ್ನೆಗೆ ಉತ್ತರ ಹುಡುಕಲು 2014ರಿಂದ ಸಿಯಾಯ ಜಿಲ್ಲೆಯ 653 ಹಳ್ಳಿಗಳಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ತಲಾ ಸುಮಾರು ಒಂದು ಸಾವಿರ ಡಾಲರಿನಷ್ಟು ಹಣ ಹೋಯಿತು. ಊರಿನ ಸಂತೆಗೆ ಇಷ್ಟು ಹಣ ಹರಿದರೂ ಬೆಲೆಗಳು ಸರಾಸರಿ ಶೇಕಡ 0.1ರಷ್ಟು ಮಾತ್ರ ಏರಿದವು. ಅಂಗಡಿಯವನು, ಹಿಟ್ಟಿನ ಗಿರಣಿಯವನು, ದರ್ಜಿ, ಇವರಿಗೆಲ್ಲ ಮೊದಲು ಗಿರಾಕಿಗಳಿಲ್ಲದೆ ಕೈ ಖಾಲಿಯಿತ್ತು; ಈಗ ಅದೇ ಅಂಗಡಿ, ಅದೇ ಗಿರಣಿಯಲ್ಲಿ ಕೆಲಸ ಹೆಚ್ಚಿತು. ಒಬ್ಬನ ಖರ್ಚು ಇನ್ನೊಬ್ಬನ ವರಮಾನವಾಗಿ, ಕೊಟ್ಟ ಒಂದು ಡಾಲರಿಗೆ ಆ ಪ್ರದೇಶದ ಆದಾಯ ಸುಮಾರು ಎರಡೂವರೆ ಡಾಲರಿನಷ್ಟು ಬೆಳೆಯಿತೆಂದು ಅಂದಾಜು. ಹಣ ಪಡೆಯದ ನೆರೆಮನೆಗಳಿಗೂ ಇದರ ಲಾಭ ಮುಟ್ಟಿತು.

ಇದೇ ಜಿಲ್ಲೆಯಿಂದ 2025ರಲ್ಲಿ ಪ್ರಕಟವಾದ ಫಲಿತಾಂಶ ಇನ್ನೂ ಗಂಭೀರವಾದುದು. ಹಣ ಪಡೆದ ಮನೆಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಮರಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ತಾಯಂದಿರು ಆಸ್ಪತ್ರೆಗೆ ಹೋಗಿ ಹೆರಿಗೆ ಮಾಡಿಸಿಕೊಳ್ಳುವುದು ಹೆಚ್ಚಿತ್ತು. ದಿನ ತುಂಬಿದ ಗರ್ಭಿಣಿಯರು ಮತ್ತು ಹಸಿ ಬಾಣಂತಿಯರು ಹೊಲದ ದುಡಿಮೆಯನ್ನು ತಗ್ಗಿಸಿದ್ದರು. ‘ಹಣ ಕೊಟ್ಟರೆ ದುಡಿಮೆ ಬಿಡುತ್ತಾರೆ’ ಎಂಬ ಆಕ್ಷೇಪಣೆಯನ್ನು ಇಲ್ಲಿ ನಿಂತು ಯೋಚಿಸಬೇಕು. ನಮ್ಮ ಮನೆಗಳಲ್ಲಿ ಬಾಣಂತನವೆಂದು ಆದರದಿಂದ ನಡೆಸುವ ವಿಶ್ರಾಂತಿಯನ್ನು ಕೂಲಿಯವಳ ಪಾಲಿಗೆ ಸೋಮಾರಿತನವೆನ್ನುವುದು ನ್ಯಾಯವಲ್ಲ. ಆದರೆ ಒಂದು ಅಂಶವನ್ನು ಮರೆಯಬಾರದು. ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಕಡೆಯಲ್ಲೇ ಶಿಶುಗಳು ಹೆಚ್ಚಾಗಿ ಉಳಿದದ್ದು. ಆಸ್ಪತ್ರೆಯೇ ಇಲ್ಲದಿದ್ದರೆ ಹಣ ಹಿಡಿದುಕೊಂಡು ಹೋಗುವುದಾದರೂ ಎಲ್ಲಿಗೆ?

ನಮ್ಮ ದೇಶದಲ್ಲಿಯೂ ಇಂಥ ಪ್ರಯೋಗ ನಡೆದಿದೆ. ಮಧ್ಯಪ್ರದೇಶದಲ್ಲಿ ‘ಸೇವಾ’ ಎಂಬ ಮಹಿಳಾ ಸಂಘವು ಯೂನಿಸೆಫ್ ಸಂಸ್ಥೆಯ ನೆರವಿನಿಂದ 2011 ಮತ್ತು 2012ರಲ್ಲಿ ಎಂಟು ಹಳ್ಳಿಗಳ ಎಲ್ಲರಿಗೂ, ಬಡವ ಬಲ್ಲಿದನೆಂಬ ಭೇದವಿಲ್ಲದೆ, ತಿಂಗಳ ಹಣ ಕೊಟ್ಟಿತು. ಮೊದಲು ವಯಸ್ಕರಿಗೆ 200 ರೂಪಾಯಿ, ಮಕ್ಕಳಿಗೆ 100. ಒಂದು ವರ್ಷದ ಮೇಲೆ 300 ಮತ್ತು 150. ಮೊತ್ತ ಅಲ್ಪವೆಂದು ತೋರಬಹುದು. ಆದರೆ ತೆನೆ ತೆನೆ ಕೂಡಿ ಬಳ್ಳವಾದಂತೆ, ಐದಾರು ಜನರ ಮನೆಗೆ ಅದೇ ಒಂದು ಆಧಾರವಾಯಿತು. ಮಕ್ಕಳ ತೂಕ, ಅದರಲ್ಲೂ ಹೆಣ್ಣುಮಕ್ಕಳದು, ವಯಸ್ಸಿಗೆ ತಕ್ಕ ಮಟ್ಟಕ್ಕೆ ಸಮೀಪಿಸಿತು. ದನ ಕುರಿಗಳು ಹೆಚ್ಚಿದವು. ಬೇರೆಯಾಗಿ ನಡೆದ ಗಿರಿಜನ ಹಳ್ಳಿಯ ಪ್ರಯೋಗದಲ್ಲಿ, ಪರರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು ತಮ್ಮ ತುಂಡು ನೆಲಕ್ಕೆ ಬೀಜ ಗೊಬ್ಬರ ಹಾಕಿ ಅಲ್ಲಿಯೇ ದುಡಿಯತೊಡಗಿದರು. ಬಿತ್ತನೆಯ ಕಾಲಕ್ಕೆ ಸಾಹುಕಾರನ ಬಾಗಿಲು ಕಾಯುವ ರೈತನಿಗೆ ಕೈಯಲ್ಲಿರುವ ಮುನ್ನೂರು ರೂಪಾಯಿಯ ಬೆಲೆ ಎಷ್ಟೆಂಬುದನ್ನು ಹಳ್ಳಿಯ ಬಾಳು ಕಂಡವರು ಬಲ್ಲರು.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಗಳನ್ನೂ ಹೇಳುವುದು ಧರ್ಮ. ಫಿಲಿಪ್ಪೀನ್ಸ್ ದೇಶದ ದೂರದ ಹಳ್ಳಿಗಳಲ್ಲಿ ಬಡ ಮನೆಗಳಿಗೆ ಹಣ ಹೋದಾಗ ಮೊಟ್ಟೆ, ಹಸಿ ಮೀನುಗಳ ಬೆಲೆ ಏರಿ, ನೆರವು ದೊರೆಯದ ನೆರೆಮನೆಯ ಮಕ್ಕಳ ಬೆಳವಣಿಗೆ ಕುಂಠಿತವಾಯಿತು. ಸರಕು ಸುಲಭವಾಗಿ ಬಾರದ ಊರಿನಲ್ಲಿ ಹಣದ ಜೊತೆಗೆ ರಸ್ತೆ ಮತ್ತು ಅಂಗಡಿಯ ಚಿಂತೆಯೂ ಇರಬೇಕು. ಯುಗಾಂಡದಲ್ಲಿ ಯುವಕರಿಗೆ ಕಸುಬು ಹೂಡಲೆಂದು 2008ರಲ್ಲಿ ಒಮ್ಮೆ ಹಣ ಕೊಟ್ಟಾಗ, ನಾಲ್ಕು ವರ್ಷದ ಮೇಲೆ ಅವರ ಸಂಪಾದನೆ ಇತರರಿಗಿಂತ ಶೇಕಡ 38ರಷ್ಟು ಹೆಚ್ಚಿತ್ತು; ಒಂಬತ್ತು ವರ್ಷದ ಹೊತ್ತಿಗೆ ಇತರರೂ ಹೇಗೋ ಆ ಮಟ್ಟಕ್ಕೆ ಬಂದು ಅಂತರ ಬಹುಪಾಲು ಅಳಿದಿತ್ತು. ಒಮ್ಮೆ ಕೊಟ್ಟ ಹಣ ಕಷ್ಟದ ಕಾಲವನ್ನು ಮೊಟಕು ಮಾಡುತ್ತದೆ, ಆದರೆ ಅದೊಂದರಿಂದಲೇ ಬಡತನದ ಬೇರು ಕೀಳುವುದಿಲ್ಲ. 2015–16ರಲ್ಲಿ ಚಂಡೀಗಢ, ಪುದುಚೇರಿ, ದಾದ್ರಾ ಮತ್ತು ನಗರ ಹವೇಲಿಗಳಲ್ಲಿ ಪಡಿತರದ ಬದಲು ಹಣ ಕೊಡತೊಡಗಿದಾಗ, ಲೆಕ್ಕದ ಪುಸ್ತಕದಲ್ಲಿ ಸಂದಾಯವಾಗಿದ್ದ ಹಣ ತಮಗೆ ಬಂದೇ ಇಲ್ಲವೆಂದು ಮೊದಲ ತಿಂಗಳುಗಳಲ್ಲಿ ಹೇಳಿದವರು ಅನೇಕರು.

ಇನ್ನೊಂದು ಮಿತಿ ಸದ್ದಿಲ್ಲದೆ ಬರುವಂಥದು. ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನ 2007ರಲ್ಲಿ ತಿಂಗಳಿಗೆ 200 ರೂಪಾಯಿ. 80 ವರ್ಷಕ್ಕೆ ಒಳಗಿನವರಿಗೆ ಹದಿನೈದು ವರ್ಷ ಕಳೆದ ಮೇಲೂ ಆ ಪಾಲು ಅಷ್ಟೇ ಇತ್ತು. ಅಷ್ಟರಲ್ಲಿ ಬೇಳೆಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಗೃಹಿಣಿಯರಿಗೆ ಹೇಳಬೇಕಾಗಿಲ್ಲ.

ನಮ್ಮ ರಾಜ್ಯಕ್ಕೂ ಈ ವಿಚಾರ ಹೊಸದಲ್ಲ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ತಲೆಗೆ 170 ರೂಪಾಯಿ ಕೊಡಲಾರಂಭವಾಗಿ, 2025ರಲ್ಲಿ ಅದು ಪುನಃ ಅಕ್ಕಿಗೆ ತಿರುಗಿತು. 2023ರ ಆಗಸ್ಟಿನಲ್ಲಿ ಮೈಸೂರಿನಲ್ಲಿ ಉದ್ಘಾಟನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯನ್ನು ಗೊತ್ತುಮಾಡಿತು. ಇವುಗಳ ವಿಷಯದಲ್ಲಿ ಪಕ್ಷದ ಮಾತು ಒತ್ತಟ್ಟಿಗಿರಲಿ. ಕೇಳಬೇಕಾದ ಪ್ರಶ್ನೆಗಳು ಬೇರೆ. ಹಣ ತಿಂಗಳು ತಪ್ಪದೆ ಬರುತ್ತದೆಯೆ? ಅದನ್ನು ತರಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕೆ? ಏರುವ ಬೆಲೆಗೆ ಅದು ಸರಿದೂಗುತ್ತದೆಯೆ? ಊರಿನ ಶಾಲೆಯಲ್ಲಿ ಉಪಾಧ್ಯಾಯರು, ಆಸ್ಪತ್ರೆಯಲ್ಲಿ ವೈದ್ಯರು ಇದ್ದಾರೆಯೆ? ಮುಂದಿನ ತಿಂಗಳು ಖಂಡಿತ ಬರುತ್ತದೆಂದು ತಿಳಿದ ತಾಯಿ ಮಗಳನ್ನು ಶಾಲೆ ಬಿಡಿಸಬೇಕಾಗಿಲ್ಲ. ಬಂದರೆ ಬಂತು ಎಂಬ ಹಣವನ್ನು ನೆಚ್ಚಿ ಅಂಥ ನಿಶ್ಚಯ ಮಾಡುವುದು ಯಾರಿಂದಲೂ ಆಗದು. ಹಣವನ್ನು ಹೇಗೆ ಬಳಸಬೇಕೆಂಬುದನ್ನು ಬಡವರು ಬಹುಮಟ್ಟಿಗೆ ಬಲ್ಲರು ಎಂದು ಈ ಪ್ರಯೋಗಗಳು ತೋರಿಸಿವೆ. ಅದನ್ನು ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ ತಲುಪಿಸುವ ಹೊಣೆ ಕೊಡುವವರದು.