ರೆಕ್ಕೆಯ ಲೆಕ್ಕ

ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟದ ಅಂಚಿನಲ್ಲಿ ನಿಂತು ನೋಡಿದರೆ, ಹದ್ದೊಂದು ಚಾಚಿದ ರೆಕ್ಕೆಗಳನ್ನು ಅಲುಗಿಸದೆಯೇ ಬಹುಹೊತ್ತು ಗಾಳಿಯಲ್ಲಿ ತೇಲುವುದು ಕಾಣುತ್ತದೆ. ಗುಬ್ಬಚ್ಚಿಯಾದರೋ ಕ್ಷಣಕ್ಷಣಕ್ಕೂ ರೆಕ್ಕೆ ಬಡಿಯಬೇಕು. ಎರಡಕ್ಕೂ ರೆಕ್ಕೆಗಳಿವೆ, ಆದರೆ ಅವುಗಳ ಪ್ರಮಾಣ ಬೇರೆ ಬೇರೆ. ಹದ್ದಿನಂತೆ ತೇಲಲು ಮಾನವನು ನಿರ್ಮಿಸಿದ ಎಂಜಿನ್ ಇಲ್ಲದ ವಿಮಾನವೇ ಗ್ಲೈಡರ್. ಅದು ತನ್ನ ತೂಕದಿಂದಲೇ ಮುಂದಕ್ಕೂ ಕೆಳಕ್ಕೂ ಜಾರುತ್ತದೆ. ಹಾಗೆ ಜಾರುವಾಗ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಎತ್ತಿಹಿಡಿಯುತ್ತದೆ.

ಈ ವಿದ್ಯೆ ಸುಲಭವಾಗಿ ದೊರೆತುದಲ್ಲ. ಜರ್ಮನಿಯ ಆಟೊ ಲಿಲಿಯೆಂತಾಲ್ ತನ್ನ ಮೈಯನ್ನು ಅತ್ತಿತ್ತ ವಾಲಿಸಿ ಗ್ಲೈಡರಿನ ಸಮತೋಲವನ್ನು ಕಾಯುತ್ತಿದ್ದನು. 1896ರ ಆಗಸ್ಟ್ 9ರಂದು ಆ ಸಮತೋಲ ತಪ್ಪಿ ಕೆಳಗೆ ಬಿದ್ದು, ಮರುದಿನ ಅಸುನೀಗಿದನು. ಆ ಬಳಿಕ ಅಮೆರಿಕದ ರೈಟ್ ಸೋದರರು 1901ರಲ್ಲಿ 22 ಅಡಿ ಉದ್ದ, 7 ಅಡಿ ಅಗಲದ ರೆಕ್ಕೆಗಳುಳ್ಳ ಗ್ಲೈಡರನ್ನು ಕಟ್ಟಿದರು. ಅಂದಿನ ಕೋಷ್ಟಕಗಳು ಹೇಳಿದ್ದ ಎತ್ತುವ ಬಲದಲ್ಲಿ ಅದಕ್ಕೆ ದೊರೆತುದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಸೋದರರು ಎದೆಗುಂದಲಿಲ್ಲ. ಮರದ ಪೆಟ್ಟಿಗೆಯೊಂದರಲ್ಲಿ ಗಾಳಿಯನ್ನು ಹಾಯಿಸಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ತಾವೇ ಪರೀಕ್ಷಿಸಿದರು. 1902ರ ಅವರ ಗ್ಲೈಡರಿನ ರೆಕ್ಕೆಗಳು 32 ಅಡಿ ಉದ್ದ, 5 ಅಡಿ ಅಗಲವಿದ್ದವು. ವಿಸ್ತಾರ ಹೆಚ್ಚೇನೂ ಬದಲಾಗಲಿಲ್ಲ. ಬದಲಾದುದು ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ. ಆ ಗ್ಲೈಡರ್ ನೂರಾರು ಬಾರಿ ಹಾರಿತು.

ನೀಳವಾದ ರೆಕ್ಕೆ ಏಕೆ ಮೇಲು? ರೆಕ್ಕೆಯ ಕೆಳಗಿನ ಗಾಳಿಯು ತುದಿಗಳನ್ನು ಬಳಸಿ ಮೇಲಕ್ಕೆ ನುಸುಳಿ ಸುಳಿಯಾಗುತ್ತದೆ. ಅಷ್ಟು ಶಕ್ತಿ ವ್ಯರ್ಥ. ರೆಕ್ಕೆ ನೀಳವಾದಷ್ಟೂ ಈ ನಷ್ಟ ಕಡಿಮೆ. ಆದರೆ ಅತಿ ನೀಳವಾದರೆ ರೆಕ್ಕೆ ಬಾಗುತ್ತದೆ, ಮುರಿಯುತ್ತದೆ. ಆದ್ದರಿಂದ ಹಿತಮಿತವೇ ಇಲ್ಲಿಯೂ ನಿಯಮ.

ಶಾಲೆಯ ಬಾಲಕರು ಮಾಡಬಹುದಾದ ಮಾದರಿಯೊಂದನ್ನು ನೋಡೋಣ. ರೆಕ್ಕೆಯ ಒಟ್ಟು ಉದ್ದ 60 ಸೆಂ.ಮೀ., ಅಗಲ 10 ಸೆಂ.ಮೀ. ಇರಲಿ. ಆಗ ಅನುಪಾತ 6, ವಿಸ್ತಾರ 600 ಚದರ ಸೆಂ.ಮೀ. ಬಾಲದ ಅಡ್ಡ ಹಲಗೆ ಇದರ ಐದನೆಯ ಒಂದು ಭಾಗ, ಎಂದರೆ 120 ಚದರ ಸೆಂ.ಮೀ. ಇದ್ದರೆ ಸಾಕು: 20 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ನೆಟ್ಟನೆಯ ಬಾಲಕ್ಕೆ ಸುಮಾರು 50 ಚದರ ಸೆಂ.ಮೀ. ಬೇಕು. ರೆಕ್ಕೆಗೂ ಬಾಲಕ್ಕೂ ನಡುವೆ 30 ಸೆಂ.ಮೀ. ಅಂತರವಿರಬೇಕು. ತಕ್ಕಡಿಯ ದಂಡ ಉದ್ದವಾದಷ್ಟೂ ತುದಿಯಲ್ಲಿ ಸಣ್ಣ ತೂಕವೇ ಸಾಲುವಂತೆ, ಅಂತರ ಹೆಚ್ಚಿದರೆ ಚಿಕ್ಕ ಬಾಲವೇ ಸಾಲುತ್ತದೆ. ರೆಕ್ಕೆಯ ತುದಿಗಳು ನಡುಭಾಗಕ್ಕಿಂತ 3 ಸೆಂ.ಮೀ. ಎತ್ತರದಲ್ಲಿದ್ದರೆ, ಪಕ್ಕಕ್ಕೆ ವಾಲಿದ ಗ್ಲೈಡರ್ ತಾನಾಗಿ ನೆಟ್ಟಗಾಗುತ್ತದೆ.

ಇನ್ನು ಸಮತೋಲ. ರೆಕ್ಕೆಯ ಮುಂದಂಚಿನಿಂದ ಸುಮಾರು 3 ಸೆಂ.ಮೀ. ಹಿಂದೆ ಎರಡು ಬೆರಳ ತುದಿಗಳ ಮೇಲಿಟ್ಟಾಗ ಮಾದರಿ ಮಟ್ಟಸವಾಗಿ ನಿಲ್ಲುವಂತೆ ಮೂತಿಗೆ ಜೇಡಿಮಣ್ಣನ್ನು ಅಂಟಿಸಬೇಕು. ಹಾರಿಬಿಟ್ಟಾಗ ಮೂತಿ ಎತ್ತಿ, ವೇಗ ಕಳೆದುಕೊಂಡು ಕುಸಿದರೆ ಮಣ್ಣನ್ನು ಕೊಂಚ ಹೆಚ್ಚಿಸಬೇಕು. ನೆಲಕ್ಕೆ ನೇರವಾಗಿ ಧುಮುಕಿದರೆ ಕೊಂಚ ತೆಗೆಯಬೇಕು.

ಇದೇ ಮಾದರಿಯ ಎಲ್ಲ ಅಳತೆಗಳನ್ನೂ ಇಮ್ಮಡಿಸಿದರೆ? ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ತೂಕವಾದರೋ ಎಂಟು ಪಟ್ಟು. ರೆಕ್ಕೆಯ ಪ್ರತಿ ಚದರ ಸೆಂಟಿಮೀಟರೂ ಮೊದಲಿನ ಎರಡರಷ್ಟು ಭಾರ ಹೊರಬೇಕಾಗುತ್ತದೆ. ಆದ್ದರಿಂದ ಅದು ಇನ್ನೂ ವೇಗವಾಗಿ ಹಾರಬೇಕು, ಇಲ್ಲವೇ ಅದನ್ನು ಹಗುರವಾಗಿ ಕಟ್ಟಬೇಕು. ಚಿಕ್ಕದನ್ನು ಹಿಗ್ಗಿಸಿದ ಮಾತ್ರಕ್ಕೆ ದೊಡ್ಡದು ಸಿದ್ಧವಾಗದು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಗಾಗಿ 1940ರ ದಶಕದ ಆರಂಭದಲ್ಲಿ ಸೈನಿಕರನ್ನು ಒಯ್ಯುವ ಗ್ಲೈಡರನ್ನು ರೂಪಿಸಿದ ಡಾ. ವಿ. ಎಂ. ಘಾಟಗೆಯವರಿಗೂ ಪ್ರಕೃತಿಯ ಈ ನಿಯಮದಿಂದ ವಿನಾಯಿತಿಯಿರಲಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಭೌತಶಾಸ್ತ್ರದ ಅಧ್ಯಾಪಕ ಡಾ. ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನದುದ್ದಕ್ಕೂ ಬೋಧಿಸಿದರು. ರೈಟ್ ಸೋದರರು ಅಚ್ಚಾದ ಕೋಷ್ಟಕವನ್ನು ಪ್ರಶ್ನಿಸಿದಂತೆಯೇ, ಇಲ್ಲಿ ಕೊಟ್ಟ ಅಳತೆಗಳನ್ನೂ ಪ್ರಶ್ನಿಸಬಹುದು. ಚಿಂತಾಮಣಿಯ ಮೈದಾನವಾಗಲಿ, ಶಿಡ್ಲಘಟ್ಟದ ಬಯಲಾಗಲಿ, ಅದಕ್ಕೆ ಪ್ರಯೋಗಶಾಲೆಯಾದೀತು. ಒಂದು ಸಲಕ್ಕೆ ಒಂದೇ ಅಳತೆಯನ್ನು ಬದಲಿಸಿ, ಹಾರಿದ ದೂರವನ್ನು ಬರೆದಿಡಬೇಕು. ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಕೊನೆಗೆ ಹೇಳುವುದು ಗಾಳಿಯೇ.