ಎಪ್ಪತ್ತೋ, ಐವತ್ತೋ?

ಥಾಣೆಯ ಘೋಡ್‌ಬಂದರ್ ರಸ್ತೆ, ಕಲ್ಯಾಣ್‌ನ ಖಡಕ್‌ಪಾಡಾ, ಡೊಂಬಿವಲಿಯ ಪಲಾವಾ, ನವಿ ಮುಂಬಯಿಯ ಖಾರ್ಘರ್. ಈ ಹಾದಿಗಳ ಹೋರ್ಡಿಂಗ್‌ಗಳಿಗೆಲ್ಲ ಒಂದೇ ಮುಖ: ಈಜುಕೊಳ, ನಗುವ ದಂಪತಿ, ‘ಸ್ಟೇಷನ್‌ನಿಂದ ಹತ್ತೇ ನಿಮಿಷ’ ಎಂಬ ಭರವಸೆ. ಆ ಹತ್ತು ನಿಮಿಷ ಯಾರ ಗಡಿಯಾರದ್ದು ಎಂದು ಕೇಳಬಾರದು. ಕೇಳಬೇಕಾದದ್ದು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಒಂದು ಸಂಖ್ಯೆಯನ್ನು. ಥಾಣೆ ಜಿಲ್ಲೆಯ ಹಳೆಯ ಯೋಜನೆಯಾದರೆ ಅದು ‘ಪಿ 517’ ಎಂದು ಶುರುವಾಗುತ್ತದೆ. ಖಾರ್ಘರ್, ಪನ್ವೇಲ್ ರಾಯಗಡ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿನ ಹಳೆಯ ಯೋಜನೆಗಳದು ‘ಪಿ 520’. ಅದು ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಸಂಖ್ಯೆ. 2023ರ ಆಗಸ್ಟ್‌ನಿಂದ ಅದರ ಪಕ್ಕದಲ್ಲಿ ಕ್ಯೂಆರ್ ಕೋಡ್ ಕೂಡ ಇರಲೇಬೇಕು.

ಈ ಸಂಖ್ಯೆ ಸರ್ಕಾರ ತಾನಾಗಿ ಕರುಣೆಯಿಂದ ಕೊಟ್ಟದ್ದಲ್ಲ. ಇದರ ಹಿಂದೆ ದಿಲ್ಲಿಯ ಸಮಿತಿ ಕೋಣೆಗಳಿಗೆ ಕಡತ ಹೊತ್ತು ಅಲೆದ ಗ್ರಾಹಕ ಸಂಘಟನೆಗಳ ವರ್ಷಗಟ್ಟಲೆ ಓಡಾಟವಿದೆ. ಅತ್ತ ಕಡೆ ಕುಳಿತವರು ಸಾಮಾನ್ಯರಲ್ಲ, ಬಿಲ್ಡರುಗಳ ಬಲಿಷ್ಠ ಒಕ್ಕೂಟಗಳು.

ಮುಂಬಯಿಯ ಫೋರ್ಟ್, ಮಾಟುಂಗಾಗಳಲ್ಲಿ ದುಡಿದು, ಹೋಟೆಲಿನ ಅಟ್ಟದಲ್ಲೋ ಚಾಳಿನ ಖೋಲಿಯಲ್ಲೋ ಮಲಗಿ, ಕೊನೆಗೆ ಡೊಂಬಿವಲಿಯಲ್ಲೋ ಥಾಣೆಯಲ್ಲೋ ‘ಸ್ವಂತದ್ದೊಂದು’ ಮಾಡಿಕೊಂಡ ತುಳು-ಕನ್ನಡಿಗರಿಗೆ ಹಳೆಯ ಪದ್ಧತಿ ಚೆನ್ನಾಗಿ ಗೊತ್ತು. ಮೊದಲು ಬುಕಿಂಗ್, ಆಮೇಲೆ ಕಂತು, ಆಮೇಲೆ ಕಾಯುವಿಕೆ. ಕಾಯ್ದೆ ಇರಲಿಲ್ಲ ಎಂದಲ್ಲ. ‘ಮೋಫಾ’ ಎಂದು ಕರೆಯುವ ಮಹಾರಾಷ್ಟ್ರದ ಫ್ಲ್ಯಾಟ್ ಮಾಲೀಕತ್ವ ಕಾಯ್ದೆ 1963ರದು. ಕರಾರು ನೋಂದಾಯಿಸುವ ಮೊದಲು ಬೆಲೆಯ ಶೇ. 20ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಅದು ಆಗಲೇ ಹೇಳಿತ್ತು. ಆದರೆ ಕಾಯ್ದೆಯನ್ನು ಕಾಯುವ ಪ್ರಾಧಿಕಾರ ಒಂದಿರಲಿಲ್ಲ. ಮೋಸ ಹೋದವನು ಪೊಲೀಸ್ ಠಾಣೆ, ಗ್ರಾಹಕ ನ್ಯಾಯಾಲಯ, ಸಿವಿಲ್ ಕೋರ್ಟು ಎಂದು ಸುತ್ತಬೇಕಿತ್ತು. ಕಲ್ಯಾಣ್‌ನ ಫ್ಲ್ಯಾಟಿಗೆ ಕೊಟ್ಟ ದುಡ್ಡು ಪನ್ವೇಲಿನ ಹೊಸ ಜಾಗಕ್ಕೆ ಹೋಗಿ ಬಿದ್ದರೂ ಕೇಳುವವರಿರಲಿಲ್ಲ.

ಈ ದುಡ್ಡಿನ ಹರಿವನ್ನು ಕಟ್ಟಿಹಾಕುವುದೇ ಹೊಸ ಕಾಯ್ದೆಯ ಜೀವಾಳ. ರಿಯಲ್ ಎಸ್ಟೇಟ್ ಮಸೂದೆ ರಾಜ್ಯಸಭೆಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಖರೀದಿದಾರರಿಂದ ಬಂದ ಹಣದಲ್ಲಿ ಶೇ. 70ನ್ನು ಆಯಾ ಯೋಜನೆಯ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲೇ ಇಡಬೇಕು, ಆ ಕಟ್ಟಡದ ಕೆಲಸಕ್ಕಷ್ಟೇ ತೆಗೆಯಬೇಕು ಎಂಬುದು ಅದರ ಮಾತು. ಆದರೆ ಅಲ್ಲೇ ಒಂದು ಸಂದನ್ನೂ ಬಿಟ್ಟಿದ್ದರು: ಸರ್ಕಾರ ಬೇಕೆಂದರೆ ಅದನ್ನು ಕಡಿಮೆ ಮಾಡಬಹುದು. 2015ರ ಏಪ್ರಿಲ್‌ನಲ್ಲಿ ಬಂದ ತಿದ್ದುಪಡಿಗಳಲ್ಲಿ 70 ಇದ್ದದ್ದು 50 ಆಯಿತು. ಕಾಗದದ ಮೇಲೆ ಬರೀ ಒಂದು ಅಂಕಿ. 60 ಲಕ್ಷದ ಫ್ಲ್ಯಾಟಿನಲ್ಲಿ ಅದರ ಅರ್ಥ, ಇನ್ನೂ 12 ಲಕ್ಷ ರೂಪಾಯಿ ಬಿಲ್ಡರನ ಮರ್ಜಿಗೆ.

ಗದ್ದಲ ಎದ್ದಿತು. ಗ್ರಾಹಕ ಸಂಘಟನೆಗಳು ಪತ್ರ ಬರೆದವು, ಫ್ಲ್ಯಾಟ್ ಖರೀದಿಸಿ ಕಾಯುತ್ತಿದ್ದವರು ಪಕ್ಷಭೇದವಿಲ್ಲದೆ ನಾಯಕರನ್ನು ಭೇಟಿಯಾದರು. ವಿರೋಧ ಪಕ್ಷಗಳು ಪಟ್ಟು ಹಿಡಿದು ಮಸೂದೆಯನ್ನು ರಾಜ್ಯಸಭೆಯ ಸೆಲೆಕ್ಟ್ ಕಮಿಟಿಗೆ ಒಪ್ಪಿಸುವಂತೆ ಮಾಡಿದವು. ಅನಿಲ್ ಮಾಧವ್ ದವೆ ಅದರ ಅಧ್ಯಕ್ಷರು. ವರದಿ ಬಂದದ್ದು ಅದೇ ವರ್ಷದ ಜುಲೈಯಲ್ಲಿ. ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರೂಪದಲ್ಲಿ 70 ಮತ್ತೆ ತನ್ನ ಜಾಗಕ್ಕೆ ಬಂದು ಕುಳಿತಿತ್ತು. ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆಯಾಗುವ ಅವಧಿ ಎರಡರಿಂದ ಐದು ವರ್ಷಕ್ಕೆ ಏರಿತ್ತು. ಸಾವಿರ ಚದರ ಮೀಟರ್ ಅಥವಾ 12 ಫ್ಲ್ಯಾಟ್ ಮೀರಿದ ಯೋಜನೆಗಳಿಗೆ ಮಾತ್ರ ನೋಂದಣಿ ಎಂಬುದಿತ್ತಲ್ಲ, ಆ ಮಿತಿ 500 ಚದರ ಮೀಟರ್, ಎಂಟು ಫ್ಲ್ಯಾಟ್‌ಗೆ ಇಳಿದಿತ್ತು. 2016ರ ಮಾರ್ಚ್ 10ರಂದು ರಾಜ್ಯಸಭೆ, 15ರಂದು ಲೋಕಸಭೆ ಅಂಗೀಕರಿಸಿದವು. ‘ರೇರಾ’ ಎಂದು ಕರೆಯುವ ಕಾಯ್ದೆ ಇದೇ.

ಶಾಸನಸಭೆಯ ಮೇಲೆ ಪ್ರಭಾವ ಬೀರುವುದೆಂದರೆ ನಮಗೆ ನೆನಪಾಗುವುದು ಮೋರ್ಚಾ, ಧರಣಿ, ಇಲ್ಲವೇ ಹಿಂಬಾಗಿಲ ಸೂಟ್‌ಕೇಸು. ನಿಜವಾಗಿ ನಡೆಯುವುದು ಇವೆರಡಕ್ಕಿಂತ ನೀರಸ. ಮಸೂದೆ ಸಮಿತಿಗೆ ಹೋದಾಗ ಪತ್ರಿಕೆಯ ಒಳಪುಟದಲ್ಲೊಂದು ಪ್ರಕಟಣೆ ಬರುತ್ತದೆ: ಸಾರ್ವಜನಿಕರು ಸಲಹೆ ಸಲ್ಲಿಸಬಹುದು, ಇಷ್ಟು ದಿನದೊಳಗೆ, ಎರಡು ಪ್ರತಿ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡದಲ್ಲಿ ಯೋಚಿಸುವವರು, ಮರಾಠಿಯಲ್ಲಿ ಸಂಕಟ ಹೇಳಿಕೊಳ್ಳುವವರು ಬಾಗಿಲಲ್ಲೇ ನಿಲ್ಲುವುದು ಇಲ್ಲಿ. ಅಷ್ಟೂ ದಾಟಿದವರಲ್ಲಿ ‘ನಮಗೆ ಅನ್ಯಾಯವಾಗಿದೆ’ ಎಂದು ಬರೆದವರ ಪತ್ರ ಕಟ್ಟಿನಲ್ಲಿ ಸೇರುತ್ತದೆ. ‘ಇಂಥ ಕಲಮಿನ ಇಂಥ ಉಪಕಲಮಿನಲ್ಲಿ ಈ ಪದ ತೆಗೆದು ಈ ಪದ ಹಾಕಿ, ಕಾರಣ ಇದು’ ಎಂದು ಬರೆದವರನ್ನು ಸಾಕ್ಷ್ಯಕ್ಕೆ ಕರೆಯುವ ಸಂಭವ ಹೆಚ್ಚು. ಸಂಸದರಿಗೆ ಬೇಕಾಗಿರುವುದು ಕಣ್ಣೀರಲ್ಲ, ಸಿದ್ಧ ವಾಕ್ಯ.

ಈ ಕಸುಬನ್ನು ಕಲಿತವರಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಒಂದು. 1975ರಲ್ಲಿ ಹುಟ್ಟಿದ ಈ ಸಂಸ್ಥೆ ಮನೆಮನೆಗೆ ಪರಿಚಯವಾದದ್ದು ಕಾನೂನಿನಿಂದಲ್ಲ, ಬೇಳೆ-ಬೆಲ್ಲದಿಂದ. ನೆರೆಹೊರೆಯ ಕುಟುಂಬಗಳು ಗುಂಪು ಕಟ್ಟಿಕೊಂಡು ತಿಂಗಳ ದಿನಸಿಯನ್ನು ಒಟ್ಟಾಗಿ ತರಿಸಿ ಹಂಚಿಕೊಳ್ಳುವ ಪದ್ಧತಿ ಅದು. ಮುಂಬಯಿ ದಾಟಿ ಥಾಣೆ, ಡೊಂಬಿವಲಿ, ನವಿ ಮುಂಬಯಿಗಳಿಗೂ ಹಬ್ಬಿತು. ಸಕ್ಕರೆಯ ತೂಕ ನೋಡುತ್ತಿದ್ದ ಕಣ್ಣೇ ಮಸೂದೆಯ ಅಕ್ಷರವನ್ನೂ ತೂಗಿತು ಎನ್ನಬಹುದು. ವಕೀಲ ಶಿರೀಷ್ ದೇಶಪಾಂಡೆ ಅವರ ಮುಂದಾಳತ್ವದಲ್ಲಿ ಅದು ಹಿಡಿದ ಹಟಗಳಲ್ಲಿ ಮುಖ್ಯವಾದದ್ದು ಮಹಾರಾಷ್ಟ್ರದ್ದೇ ಆದ 2012ರ ವಸತಿ ಕಾಯ್ದೆಯ ಕುರಿತದ್ದು. ರಾಷ್ಟ್ರಪತಿಗಳ ಅಂಕಿತ ಪಡೆದಿದ್ದ ಆ ಕಾಯ್ದೆ ಗ್ರಾಹಕರ ಪಾಲಿಗೆ ಸಪ್ಪೆ. ಅದು ಉಳಿದರೆ ಕೇಂದ್ರದ ಗಟ್ಟಿ ಕಾಯ್ದೆ ಮಹಾರಾಷ್ಟ್ರಕ್ಕೆ ದಕ್ಕುವುದೇ ಕಷ್ಟವಿತ್ತು. ರೇರಾ ಕಾಯ್ದೆಯ ಕಟ್ಟಕಡೆಯ ಕಲಮು, 92ನೆಯದು, ಮಹಾರಾಷ್ಟ್ರದ ಆ ಕಾಯ್ದೆಯನ್ನು ಹೆಸರು ಹಿಡಿದು ರದ್ದುಮಾಡುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನಲ್ಲಿ ಒಂದೇ ರಾಜ್ಯಕ್ಕೆ ಇಂಥ ‘ಗೌರವ’ ಸಿಗುವುದು ಅಪರೂಪ.

ಬಿಲ್ಡರುಗಳೂ ಸುಮ್ಮನಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವರ ಒಕ್ಕೂಟಗಳಾದ ಕ್ರೆಡಾಯ್, ನರೆಡ್ಕೋಗಳ ಅಹವಾಲುಗಳಲ್ಲಿ ಒಂದು ಮಾತಿಗೆ ತೂಕವಿತ್ತು: ತಡವಾಗುವುದು ನಮ್ಮಿಂದ ಮಾತ್ರವಲ್ಲ, ನಗರಪಾಲಿಕೆಯ ಪರವಾನಗಿಗಳಿಂದ, ಅವರನ್ನೂ ಕಾಯ್ದೆಯೊಳಗೆ ತನ್ನಿ. ಆದರೆ ಪಾಲಿಕೆಗಳು ಕಾಯ್ದೆಯೊಳಗೆ ಬರಲಿಲ್ಲ. ಆ ಮಾತು ಮುಂದೆ ಡೊಂಬಿವಲಿಯಲ್ಲಿ ಬೇರೊಂದೇ ರೂಪದಲ್ಲಿ ಎದುರಾಯಿತು.

ಇಂಥ ಒತ್ತಡದ ರಾಜಕಾರಣಕ್ಕೆ ನಮ್ಮಲ್ಲಿ ಲೆಕ್ಕಪುಸ್ತಕವೇ ಇಲ್ಲ. ಅಮೆರಿಕದಲ್ಲಿ 1995ರ ಕಾಯ್ದೆಯ ಪ್ರಕಾರ ಲಾಬಿ ಮಾಡುವವರು ಹೆಸರು ನೋಂದಾಯಿಸಿ, ಖರ್ಚು ಘೋಷಿಸಬೇಕು. ಅಲ್ಲಿ 2008ರ ಬ್ಯಾಂಕ್ ಕುಸಿತದ ನಂತರ ಗ್ರಾಹಕ, ಕಾರ್ಮಿಕ, ನಾಗರಿಕ ಹಕ್ಕುಗಳ ಸಂಘಟನೆಗಳು ‘ಅಮೆರಿಕನ್ಸ್ ಫಾರ್ ಫೈನಾನ್ಶಿಯಲ್ ರಿಫಾರ್ಮ್’ ಎಂಬ ಒಕ್ಕೂಟ ಕಟ್ಟಿ, 2010ರ ಡಾಡ್-ಫ್ರಾಂಕ್ ಕಾಯ್ದೆಗಾಗಿ ಬ್ಯಾಂಕುಗಳ ಲಾಬಿಗೆ ಎದುರು ನಿಂತವು. ಎದುರಾಳಿ ಎಷ್ಟು ಖರ್ಚು ಮಾಡುತ್ತಿದ್ದಾನೆ ಎಂಬುದಾದರೂ ಅವರಿಗೆ ತಿಳಿದಿತ್ತು. ವಾಲ್‌ಮಾರ್ಟ್ ಭಾರತ ಪ್ರವೇಶದ ವಿಷಯಕ್ಕೂ ಲಾಬಿ ಖರ್ಚು ಮಾಡಿದೆ ಎಂದು 2012ರಲ್ಲಿ ನಮ್ಮ ಸಂಸತ್ತಿನಲ್ಲಿ ಕೋಲಾಹಲವಾದದ್ದು ಆ ಅಮೆರಿಕನ್ ಘೋಷಣೆಯಿಂದಲೇ. ಮರುವರ್ಷ ಸಂಸದ ಕಲಿಕೇಶ್ ಸಿಂಗ್ ದೇವ್ ಲಾಬಿ ಬಹಿರಂಗಪಡಿಸುವ ಖಾಸಗಿ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ನೀತಿ ಮಾಡಿತು, ಆದರೆ ಅದು ನೀತಿ, ಕಾನೂನಲ್ಲ.

ಮಸೂದೆ ಗೆದ್ದ ಮೇಲೆ ಹೆಚ್ಚಿನವರು ಮನೆಗೆ ಹೋಗುತ್ತಾರೆ. ಅಸಲು ಕೆಲಸ ಆಗ ಶುರು. ಕಾಯ್ದೆ ಕೇಂದ್ರದ್ದು, ನಿಯಮಾವಳಿ ರಾಜ್ಯದ್ದು. 2016ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕರಡು ನಿಯಮ ಬಂದಾಗ, ದಿಲ್ಲಿಯಲ್ಲಿ ಗೆದ್ದದ್ದನ್ನು ಮುಂಬಯಿಯಲ್ಲಿ ಕಳೆದುಕೊಳ್ಳುತ್ತೇವೆ ಎಂದು ಸಂಘಟನೆಗಳು ಮತ್ತೆ ಆಕ್ಷೇಪಣೆ ಬರೆಯಲು ಕುಳಿತವು. ಕರ್ನಾಟಕದ ನಿಯಮಗಳು 2017ರ ಜುಲೈಯಲ್ಲಿ ಹೊರಬಿದ್ದಾಗ ಬೆಂಗಳೂರಿನ ಖರೀದಿದಾರರ ಗುಂಪುಗಳೂ ಇದೇ ತಕರಾರು ತೆಗೆದವು: ನಡೆಯುತ್ತಿರುವ ಯೋಜನೆಗಳಿಗೆ ವಿನಾಯಿತಿ ಏಕೆ? ಪಶ್ಚಿಮ ಬಂಗಾಳವಂತೂ ರೇರಾವನ್ನು ಬದಿಗಿಟ್ಟು ತನ್ನದೇ ಕಾಯ್ದೆ ಮಾಡಿಕೊಂಡಿತು. ಅಭಯ್ ಉಪಾಧ್ಯಾಯ ಮುಂದಾಳತ್ವದ ‘ಫೈಟ್ ಫಾರ್ ರೇರಾ’ ಬಳಗ, ಆಮೇಲೆ ‘ಫೋರಂ ಫಾರ್ ಪೀಪಲ್ಸ್ ಕಲೆಕ್ಟಿವ್ ಎಫರ್ಟ್ಸ್’ ಆದದ್ದು, ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಮೇ 4ರಂದು ಬಂಗಾಳದ ಕಾಯ್ದೆ ಅಸಾಂವಿಧಾನಿಕವೆಂದು ಬಿದ್ದಿತು.

ಈ ನಡುವೆ 2018ರಲ್ಲಿ ದಿವಾಳಿ ಸಂಹಿತೆಗೂ ತಿದ್ದುಪಡಿಯಾಗಿ, ಫ್ಲ್ಯಾಟ್ ಖರೀದಿಸಿದವರು ಬ್ಯಾಂಕುಗಳ ಸಾಲಿನಲ್ಲೇ ‘ಹಣಕಾಸು ಸಾಲಿಗ’ರಾಗಿ ಕೂರುವಂತಾಯಿತು. ಅದೇ ವರ್ಷ ಮಹಾರೇರಾ, ದೂರು ವಿಚಾರಣೆಗೆ ಮುನ್ನ ಬಿಲ್ಡರ್ ಮತ್ತು ಗ್ರಾಹಕರನ್ನು ಎದುರುಬದುರು ಕೂರಿಸುವ ರಾಜಿ ವೇದಿಕೆ ತೆರೆದು, ಅದರಲ್ಲಿ ಗ್ರಾಹಕ ಪಂಚಾಯತನ್ನೂ ಬಿಲ್ಡರ್ ಸಂಘಟನೆಗಳನ್ನೂ ಸೇರಿಸಿಕೊಂಡಿತು. ದಿಲ್ಲಿಯಲ್ಲಿ ಎದುರಾಳಿಗಳಾಗಿದ್ದವರು ಇಲ್ಲಿ ಒಂದೇ ಮೇಜಿನ ಪಂಚರು.

ಗ್ರಾಹಕರ ಒತ್ತಡಕ್ಕೆ ಕಾನೂನು ಬದಲಾದ ಇನ್ನೊಂದು ಕಡೆ, ಬ್ಯಾಂಕ್ ಠೇವಣಿಯ ವಿಷಯದಲ್ಲಿ, ಎಲ್ಲ ಬೇರೆ ಥರ ನಡೆಯಿತು. ಬ್ಯಾಂಕ್ ಮುಳುಗಿದರೆ ಸಿಗುವ ವಿಮೆ 1993ರಿಂದಲೂ ಒಂದು ಲಕ್ಷಕ್ಕೇ ನಿಂತಿತ್ತು. ಹೆಚ್ಚಿಸಬೇಕೆಂಬ ಬೇಡಿಕೆ ಕಡತದಲ್ಲೇ ಮಲಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ (ಪಿಎಂಸಿ) ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಮೊದಲಿಗೆ ಖಾತೆಗೆ ಸಾವಿರ ರೂಪಾಯಿ ಮಾತ್ರ ಎಂದಾಗ ಮುಂಬಯಿ, ಥಾಣೆ, ನವಿ ಮುಂಬಯಿಯ ಜನ ಬೀದಿಗಿಳಿದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅಕ್ಟೋಬರ್‌ನಲ್ಲಿ ಮುಂಬಯಿಗೆ ಬಂದಾಗ ಪಕ್ಷದ ಕಚೇರಿಯೆದುರೇ ಠೇವಣಿದಾರರು ಅವರನ್ನು ಕೇಳಿದರು. 2020ರ ಬಜೆಟ್‌ನಲ್ಲಿ ವಿಮೆ ಐದು ಲಕ್ಷವಾಯಿತು. ನಿರ್ಬಂಧ ಬಿದ್ದ 90 ದಿನದೊಳಗೆ ಅದನ್ನು ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1968ರಲ್ಲಿ ಕಾರ್ಮಿಕರಿಗೆಂದು ಕಟ್ಟಿದ, ಆಮೇಲೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಎನಿಸಿಕೊಂಡಿದ್ದ ಬ್ಯಾಂಕಿಗೆ 2025ರ ಫೆಬ್ರವರಿಯಲ್ಲಿ ಬೀಗ ಬಿದ್ದಂಥ ಸ್ಥಿತಿ ಬಂದಾಗ, ಅಲ್ಲಿ ಸಾಲು ನಿಂತವರಿಗೆ ಈ ಎರಡು ಬದಲಾವಣೆಗಳೇ ಆಸರೆಯಾದವು. ವಿಮೆಯ ಮೊತ್ತದ ವಿಷಯದಲ್ಲಿ, ಗಂಡಾಂತರ ಬಂದ ಮೇಲೆ ಆರು ತಿಂಗಳಲ್ಲಿ ಆದದ್ದು, ಬರುವ ಮುನ್ನ ಇಪ್ಪತ್ತಾರು ವರ್ಷ ಆಗಿರಲಿಲ್ಲ.

ಇನ್ನು ಡೊಂಬಿವಲಿಯ ಕಥೆ. ಅಲ್ಲಿನ ಒಬ್ಬ ವಾಸ್ತುಶಿಲ್ಪಿ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆಯ ಹೆಸರಿನ ಪರವಾನಗಿಗಳನ್ನು ಪರಿಶೀಲಿಸುತ್ತ ಹೋದಾಗ, ಪಾಲಿಕೆ ಕೊಟ್ಟೇ ಇಲ್ಲದ ಕಾಗದಗಳು ಮಹಾರೇರಾದ ಜಾಲತಾಣದಲ್ಲಿ ಕಂಡವು. ಕಟ್ಟಡ ಆರಂಭಿಸಲು ಬೇಕಾದ ‘ಸಿಸಿ’ಯನ್ನೇ ನಕಲಿ ಮಾಡಿ, ಅದನ್ನು ತೋರಿಸಿ ನೋಂದಣಿ ಸಂಖ್ಯೆ ಪಡೆದು, ಆ ಸಂಖ್ಯೆಯನ್ನು ತೋರಿಸಿ ಫ್ಲ್ಯಾಟ್ ಮಾರಿದ್ದರು. ಬ್ಯಾಂಕುಗಳು ಸಾಲ ಕೊಟ್ಟಿದ್ದವು. ಕೊಂಡವರ ಪಾಲಿಗೆ ಸಂಖ್ಯೆಯೇ ಅಭಯಹಸ್ತವಾಗಿತ್ತು. ಪ್ರಕರಣ ಬಾಂಬೆ ಹೈಕೋರ್ಟಿಗೆ ಹೋಗಿ, 2024ರ ನವೆಂಬರ್ 19ರಂದು ಇಂಥ 65 ಕಟ್ಟಡಗಳನ್ನು ಕೆಡವಬೇಕೆಂಬ ಆದೇಶ ಬಂತು. ಕಾಯ್ದೆಯನ್ನು ನಂಬಿ ಕೊಂಡ ಸಾವಿರಾರು ಕುಟುಂಬಗಳು ಅಕ್ರಮ ನಿವಾಸಿಗಳಾದವು.

ಇದನ್ನು ಬರೀ ಬಿಲ್ಡರುಗಳ ವಂಚನೆ ಎಂದು ಮುಗಿಸಿಬಿಡುವುದು ಸುಲಭ. ಆದರೆ ಸಮಿತಿಯ ಮುಂದೆ ಬಿಲ್ಡರುಗಳೇ ಬೊಟ್ಟು ಮಾಡಿದ್ದ ಜಾಗ ಇದು: ಪಾಲಿಕೆ ಮತ್ತು ರೇರಾ ಎರಡು ಪ್ರತ್ಯೇಕ ಮನೆಗಳಾಗಿ ಉಳಿದವು, ನಡುವೆ ಬಾಗಿಲಿರಲಿಲ್ಲ. ಶೇ. 70ಕ್ಕಾಗಿ ಅಷ್ಟು ಬಡಿದಾಡಿದ ಗ್ರಾಹಕ ಸಂಘಟನೆಗಳು ಈ ಒಂದು ಕಾಗದದ ಖಾತರಿಗೆ ಅದೇ ಹಟ ಹಿಡಿದಿದ್ದರೆ ಎಂಬ ಪ್ರಶ್ನೆ ಉಳಿಯುತ್ತದೆ. ಈಗ ಮಹಾರೇರಾ ಬಿಲ್ಡರ್ ತಂದ ಪ್ರತಿಯನ್ನು ಹಾಗೇ ನಂಬದೆ, ಪರವಾನಗಿ ನಿಜವೇ ಎಂದು ಸ್ಥಳೀಯ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುತ್ತದೆ.

ಸಂಘಟನೆಗಳ ಸದ್ಯದ ಅಹವಾಲು ಇನ್ನೊಂದು ಕಲಮಿನ ಕಡೆ ತಿರುಗಿದೆ. ರೇರಾ ಆದೇಶದಂತೆ ಬಿಲ್ಡರ್ ಹಣ ಹಿಂದಿರುಗಿಸದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕೆಂದು 40ನೆಯ ಕಲಮು ಹೇಳುತ್ತದೆ. ವಸೂಲಿ ಮಾಡಬೇಕಾದವರು ಜಿಲ್ಲಾಧಿಕಾರಿ, ಅವರ ಕೈಕೆಳಗಿನ ತಹಶೀಲ್ದಾರರು. ಅವರಿಗೆ ಚುನಾವಣೆ, ನೆರೆ, ಪಡಿತರ ಎಂದು ನೂರು ಕೆಲಸ. ಥಾಣೆ, ರಾಯಗಡ ಜಿಲ್ಲೆಗಳ ಕಚೇರಿಗಳಿಗೂ ಇಂಥ ವಾರಂಟ್‌ಗಳು ಹೋಗುತ್ತವೆ. ವಸೂಲಿಗೆಂದೇ ಪ್ರತ್ಯೇಕ ಅಧಿಕಾರಿಗಳಿರಲಿ, ಅದಕ್ಕೊಂದು ಗಡುವಿರಲಿ ಎಂಬುದು ಬೇಡಿಕೆ. ಅದನ್ನು ಹೊತ್ತು ಅವರು ಈಗ ದಿಲ್ಲಿಗಿಂತ ಹೆಚ್ಚಾಗಿ ಮಹಾರಾಷ್ಟ್ರದ ಸಚಿವಾಲಯವಾದ ಮಂತ್ರಾಲಯದ ಕಂದಾಯ ಇಲಾಖೆಯ ಮೆಟ್ಟಿಲು ಹತ್ತಬೇಕಾಗಿದೆ.